483 ರೋಗಿಗಳಲ್ಲಿ ಒಬ್ಬರಲ್ಲೂ ಸಿಗದ ರೂಪಾಂತರ: ಕರುಳಿನ ಉರಿಯೂತ ಮತ್ತು ನಾಡ್2 ಜೀನಿನ ಪ್ರಕರಣ

2002ರಲ್ಲಿ ಜಪಾನಿನ ಸಂಶೋಧಕರ ಒಂದು ತಂಡ ಕರುಳಿನ ಉರಿಯೂತದ ಒಂದು ರೂಪವಾದ ಕ್ರೋನ್ಸ್ ಕಾಯಿಲೆಯ 483 ರೋಗಿಗಳ ಡಿಎನ್‌ಎ ತೆಗೆದುಕೊಂಡು, ಅದರಲ್ಲಿ ನಾಡ್2 ಎಂಬ ಒಂದೇ ಜೀನಿನ ಮೂರು ನಿರ್ದಿಷ್ಟ ರೂಪಾಂತರಗಳಿಗಾಗಿ ಹುಡುಕಿತು. ಒಬ್ಬರಲ್ಲೂ ಒಂದೂ ಸಿಗಲಿಲ್ಲ. ಅದೇ ವರ್ಷ ಜಪಾನಿನ ಇನ್ನೊಂದು ತಂಡ ಬೇರೆ ರೋಗಿಗಳನ್ನು ಪರೀಕ್ಷಿಸಿ ಇದೇ ಉತ್ತರವನ್ನು ಪಡೆಯಿತು. ಹುಡುಕಿದ್ದು ಸಿಗದಿದ್ದಾಗ ಅಂಥ ಫಲಿತಾಂಶ ಸಾಮಾನ್ಯವಾಗಿ ಪ್ರಯೋಗಾಲಯದ ಕಡತದಲ್ಲಿಯೇ ಉಳಿದುಬಿಡುತ್ತದೆ. ಆದರೆ ಈ ಬರಿಗೈ ಫಲಿತಾಂಶವನ್ನು ಹಾಗೆ ಬದಿಗಿಡಲು ಸಾಧ್ಯವಿರಲಿಲ್ಲ. ಏಕೆಂದರೆ ಕೇವಲ ಒಂದು ವರ್ಷದ ಹಿಂದೆ ಇದೇ ಮೂರು ರೂಪಾಂತರಗಳನ್ನು ಕ್ರೋನ್ಸ್ ಕಾಯಿಲೆಯ ಆನುವಂಶಿಕ ಮೂಲವೆಂದು ಜಗತ್ತು ಸಂಭ್ರಮದಿಂದ ಸ್ವಾಗತಿಸಿತ್ತು.

ಒಂದು ಜನಸಮುದಾಯದಲ್ಲಿ ಕಂಡ ಆನುವಂಶಿಕ ಸತ್ಯವನ್ನು ಇನ್ನೊಂದಕ್ಕೆ ಹಾಗೆಯೇ ಹೊತ್ತೊಯ್ದರೆ ಎಲ್ಲಿ ಎಡವುತ್ತೇವೆ, ಎಲ್ಲಿ ಎಡವುವುದಿಲ್ಲ ಎಂಬುದನ್ನು ಈ ಒಂದು ಜೀನಿನ ಕಥೆ ಬೇರೆ ಯಾವ ಉದಾಹರಣೆಗಿಂತಲೂ ಸ್ಪಷ್ಟವಾಗಿ ತೋರಿಸುತ್ತದೆ. ಆ ಕಾರಣಕ್ಕಾಗಿ ಇಲ್ಲಿ ಅದನ್ನೇ ಪ್ರಕರಣವಾಗಿ ಆರಿಸಿಕೊಳ್ಳಲಾಗಿದೆ.

ಹಿನ್ನೆಲೆ

ಕರುಳಿನ ಉರಿಯೂತ ಕಾಯಿಲೆ ಎಂಬ ಹೆಸರಿನಡಿ ಮುಖ್ಯವಾಗಿ ಎರಡು ರೋಗಗಳು ಬರುತ್ತವೆ. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿಗೆ ಸೀಮಿತವಾಗಿದ್ದು, ಅದರ ಒಳಪದರವನ್ನು ಹುಣ್ಣಾಗಿಸಿ ರಕ್ತಭೇದಿಯನ್ನು ಉಂಟುಮಾಡುತ್ತದೆ. ಕ್ರೋನ್ಸ್ ಕಾಯಿಲೆ ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದಾದರೂ ಸಣ್ಣ ಕರುಳಿನ ಕೊನೆಯ ಭಾಗವನ್ನು ಹೆಚ್ಚಾಗಿ ಹಿಡಿಯುತ್ತದೆ, ಕರುಳಿನ ಗೋಡೆಯ ಪೂರ್ಣ ದಪ್ಪಕ್ಕೂ ಇಳಿಯುತ್ತದೆ. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಬರ್ರಿಲ್ ಕ್ರೋನ್, ಲಿಯಾನ್ ಗಿಂಜ್‌ಬರ್ಗ್ ಮತ್ತು ಗಾರ್ಡನ್ ಒಪನ್‌ಹೈಮರ್ 14 ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ ಇದನ್ನು ಪ್ರತ್ಯೇಕ ರೋಗವೆಂದು ಗುರುತಿಸಿದರು. ಆ ಆಸ್ಪತ್ರೆಗೆ ಬರುತ್ತಿದ್ದವರಲ್ಲಿ ಯಹೂದಿಗಳೇ ಹೆಚ್ಚು. ಮುಂದೆ ಅಶ್ಕೆನಾಜಿ ಯಹೂದಿಗಳಲ್ಲಿ ಈ ರೋಗ ಇತರ ಯುರೋಪಿಯನ್ ಮೂಲದವರಿಗಿಂತ ಎರಡರಿಂದ ನಾಲ್ಕು ಪಟ್ಟು ಹೆಚ್ಚು ಎಂಬುದು ದೃಢಪಟ್ಟಿತು. ಹೀಗೆ ಯಾವ ಜನರಲ್ಲಿ ಈ ರೋಗ ಹೆಚ್ಚು ಎಂಬ ಪ್ರಶ್ನೆ ರೋಗದ ನಾಮಕರಣದಷ್ಟೇ ಹಳೆಯದು.

ರೋಗ ಕುಟುಂಬಗಳಲ್ಲಿ ಮರುಕಳಿಸುವುದನ್ನು, ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೂ ಬರುವ ಸಾಧ್ಯತೆ ಗಣನೀಯವಾಗಿ ಹೆಚ್ಚುವುದನ್ನು ವೈದ್ಯರು ಬಹುಕಾಲದಿಂದ ಗಮನಿಸಿದ್ದರು. 1996ರಲ್ಲಿ ಫ್ರಾನ್ಸಿನ ಜಾನ್-ಪಿಯೆರ್ ಉಗೊ ಮತ್ತು ಸಂಗಡಿಗರು ರೋಗವಿರುವ ಕುಟುಂಬಗಳನ್ನು ಅಧ್ಯಯನ ಮಾಡಿ, 16ನೇ ವರ್ಣತಂತುವಿನ ಒಂದು ಪ್ರದೇಶ ರೋಗದೊಡನೆ ಸಾಗುತ್ತದೆ ಎಂದು ತೋರಿಸಿದರು. ಐದು ವರ್ಷಗಳ ನಂತರ, 2001ರಲ್ಲಿ, ಉಗೊ ಅವರ ತಂಡವೂ, ಜೂಡಿ ಚೋ ಮತ್ತು ಗೇಬ್ರಿಯೆಲ್ ನುನ್ಯೆಸ್ ಅವರಿದ್ದ ಅಮೆರಿಕದ ತಂಡವೂ ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಆ ಪ್ರದೇಶದ ಜೀನನ್ನು ಹೆಸರಿಸಿದವು. ಅದೇ ನಾಡ್2.

ಈ ಜೀನಿನಿಂದ ತಯಾರಾಗುವ ಪ್ರೋಟೀನ್ ಜೀವಕೋಶದ ಒಳಗಿನ ಕಾವಲುಗಾರ. ಬ್ಯಾಕ್ಟೀರಿಯಾಗಳ ಕೋಶಭಿತ್ತಿಯ ಚೂರಾದ ಮ್ಯುರಾಮಿಲ್ ಡೈಪೆಪ್ಟೈಡನ್ನು ಗುರುತಿಸಿ ರೋಗನಿರೋಧಕ ಪ್ರತಿಕ್ರಿಯೆಯನ್ನು ಎಚ್ಚರಿಸುವುದು ಅದರ ಕೆಲಸ. ಮೂರು ರೂಪಾಂತರಗಳು ಅದನ್ನು ಕೆಡಿಸುತ್ತವೆ: 702ನೇ ಸ್ಥಾನದ ಅಮೈನೊ ಆಮ್ಲ ಬದಲಾಗುವುದು ಒಂದು, 908ನೆಯದು ಬದಲಾಗುವುದು ಎರಡನೆಯದು, ಡಿಎನ್‌ಎಯಲ್ಲಿ ಒಂದು ಸೈಟೋಸಿನ್ ಅಕ್ಷರ ಹೆಚ್ಚಾಗಿ ಸೇರಿಕೊಂಡು ಪ್ರೋಟೀನಿನ ಕೊನೆಯ 33 ಅಮೈನೊ ಆಮ್ಲಗಳೇ ಕತ್ತರಿಸಿಹೋಗುವುದು ಮೂರನೆಯದು. ಕಾವಲುಗಾರ ಕಣ್ಣು ಮುಚ್ಚಿದರೆ ಉರಿಯೂತ ಕಡಿಮೆಯಾಗಬೇಕಲ್ಲವೇ, ಹೆಚ್ಚಾಗುವುದೇಕೆ ಎಂಬ ಪ್ರಶ್ನೆ ಸಹಜವಾದದ್ದೇ. ಬ್ಯಾಕ್ಟೀರಿಯಾಗಳನ್ನು ಆರಂಭದಲ್ಲಿಯೇ ಮಟ್ಟಹಾಕದ ಕರುಳು ಮುಂದೆ ದೀರ್ಘಕಾಲದ, ದಿಕ್ಕುತಪ್ಪಿದ ಹೋರಾಟಕ್ಕೆ ಇಳಿಯುತ್ತದೆ ಎಂಬುದು ಇಂದು ಹೆಚ್ಚು ಮನ್ನಣೆ ಪಡೆದಿರುವ ವಿವರಣೆ.

ಯುರೋಪಿಯನ್ ಮೂಲದ ಕ್ರೋನ್ಸ್ ರೋಗಿಗಳಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಜನರು ಈ ಮೂರರಲ್ಲಿ ಕನಿಷ್ಠ ಒಂದನ್ನು ಹೊತ್ತಿರುತ್ತಾರೆ. ಒಂದು ಪ್ರತಿ ಇದ್ದವರಿಗೆ ಅಪಾಯ ಎರಡರಿಂದ ನಾಲ್ಕು ಪಟ್ಟು ಏರಿದರೆ, ತಂದೆ ತಾಯಿ ಇಬ್ಬರಿಂದಲೂ ಒಂದೊಂದು ಬಂದವರಿಗೆ ಅದು ಹದಿನೈದು ಪಟ್ಟನ್ನೂ ಮೀರಬಹುದು. ಸಾಮಾನ್ಯ ರೋಗಗಳ ತಳಿವಿಜ್ಞಾನದಲ್ಲಿ ಇಷ್ಟು ದೊಡ್ಡ ಸಂಖ್ಯೆ ಅಪರೂಪ. ಆದರೂ ಎರಡೂ ಪ್ರತಿಗಳು ಕೆಟ್ಟವರಲ್ಲಿ ಹೆಚ್ಚಿನವರಿಗೆ ರೋಗವೇ ಬರುವುದಿಲ್ಲ ಎಂಬುದನ್ನು ಆ ಸಂಭ್ರಮದಲ್ಲಿ ಯಾರೂ ಅಷ್ಟಾಗಿ ಒತ್ತಿ ಹೇಳಲಿಲ್ಲ.

ಗಡಿಯಾಚೆ

ಜಪಾನಿನ ನಂತರ ಚೀನಾ ಮತ್ತು ಕೊರಿಯಾದ ರೋಗಿಗಳಲ್ಲಿಯೂ ಈ ಮೂರು ರೂಪಾಂತರಗಳು ಕಾಣಲಿಲ್ಲ. ಭಾರತದ ಮಟ್ಟಿಗೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ತಂಡ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಶೀರ್ಷಿಕೆಯೇ, ಸಾಮಾನ್ಯ ನಾಡ್2 ಉತ್ಪರಿವರ್ತನೆಗಳು (ಡಿಎನ್‌ಎ ಬದಲಾವಣೆಗಳು) ಭಾರತದ ಕ್ರೋನ್ಸ್ ರೋಗಿಗಳಲ್ಲಿ ಇಲ್ಲ ಎಂದು ನೇರವಾಗಿ ಸಾರಿತು.

ಇಲ್ಲಿ ಎರಡು ಅವಸರದ ತೀರ್ಮಾನಗಳಿಗೆ ದಾರಿಯಿತ್ತು. ಏಷ್ಯಾದಲ್ಲಿ ರೋಗ ಕಡಿಮೆಯಿರುವುದು ಈ ಜೀನು ಕೆಟ್ಟಿಲ್ಲದ ಕಾರಣಕ್ಕೇ ಎನ್ನುವುದು ಒಂದು. ಏಷ್ಯಾದ ಕ್ರೋನ್ಸ್ ಬೇರೆಯದೇ ರೋಗ ಎನ್ನುವುದು ಮತ್ತೊಂದು. ಮೊದಲನೆಯದನ್ನು ಅಲ್ಲಗಳೆಯಲು ಏಷ್ಯಾದವರೆಗೆ ಬರಬೇಕಾಗಿಯೇ ಇಲ್ಲ, ಯುರೋಪಿನ ಒಳಗೇ ಸಾಕ್ಷ್ಯವಿದೆ. ಸ್ಕಾಟ್ಲೆಂಡ್ ಮತ್ತು ಸ್ಕ್ಯಾಂಡಿನೇವಿಯಾದಲ್ಲಿ ಕ್ರೋನ್ಸ್ ಕಾಯಿಲೆ ಸಾಕಷ್ಟು ಹೆಚ್ಚು. ಆದರೆ ಅಲ್ಲಿನ ರೋಗಿಗಳಲ್ಲಿ ನಾಡ್2 ರೂಪಾಂತರಗಳು ಮಧ್ಯ ಯುರೋಪಿನವರಿಗಿಂತ ಕಡಿಮೆ. ರೂಪಾಂತರ ವಿರಳವಾಗಿದ್ದೂ ರೋಗ ಹೆಚ್ಚಿರಬಹುದಾದರೆ, ಒಂದು ದೇಶದಲ್ಲಿ ರೋಗ ಎಷ್ಟಿದೆ ಎಂಬುದನ್ನು ಈ ಜೀನೊಂದರಿಂದಲೇ ಅಳೆಯಲಾಗದು.

ಎರಡನೆಯ ತೀರ್ಮಾನವನ್ನು ಪರಿಶೀಲಿಸುವ ಮುನ್ನ ರೂಪಾಂತರಗಳು ಹೇಗೆ ಹರಡುತ್ತವೆ ಎಂಬುದನ್ನು ನೋಡಬೇಕು. ಮೂರೂ ಉತ್ಪರಿವರ್ತನೆಗಳು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ವ್ಯಕ್ತಿಗಳಲ್ಲಿ ಹುಟ್ಟಿದವು. ಆದರೂ ಮೂರೂ ಒಂದೇ ಹಿನ್ನೆಲೆಯ ಮೇಲೆ ಕುಳಿತಿವೆ. ಅದೇ ಜೀನಿನ 268ನೇ ಸ್ಥಾನದಲ್ಲಿ ಪ್ರೋಲಿನ್ ಬದಲು ಸೆರಿನ್ ಇರುವ ಒಂದು ಹಳೆಯ ರೂಪವೇ ಆ ಹಿನ್ನೆಲೆ. ಈ ಹಳೆಯ ರೂಪ ಭಾರತೀಯರಲ್ಲಿ ಇದೆ. ಅದರ ಮೇಲೆ ಬಂದು ಕೂತ ಹೊಸ ಉತ್ಪರಿವರ್ತನೆಗಳು ಮಾತ್ರ ಇಲ್ಲಿ ಇಲ್ಲವೆನ್ನುವಷ್ಟು ವಿರಳ. ಪೂರ್ವ ಏಷ್ಯಾದಲ್ಲಿ ಹಿನ್ನೆಲೆಯೇ ತೀರಾ ಅಪರೂಪ. ಒಂದು ಮನೆತನದ ಹೆಸರು ಎರಡು ಊರುಗಳಲ್ಲಿ ಉಳಿದು, ಆ ಮನೆತನಕ್ಕೆ ಆಮೇಲೆ ಅಂಟಿಕೊಂಡ ಅಡ್ಡಹೆಸರು ಒಂದೇ ಊರಿನಲ್ಲಿ ಬಳಕೆಯಲ್ಲಿರುವಂತೆ ಇದನ್ನು ಊಹಿಸಿಕೊಳ್ಳಬಹುದು. ಜನರು ಕವಲೊಡೆದು ಬೇರೆಯಾದ ಮೇಲೆ ಪಶ್ಚಿಮದ ಕವಲಿನಲ್ಲಿ ನಡೆದ ಘಟನೆಗಳಿವು ಎಂಬುದೇ ಸರಳವಾದ ವಿವರಣೆ.

ಇದಕ್ಕೆ ಅತ್ಯಂತ ನಿಚ್ಚಳವಾದ ಪುರಾವೆ ದೊರೆತದ್ದು ಏಷ್ಯಾದಿಂದ ಅಲ್ಲ, ಅಮೆರಿಕದಿಂದ. ಆಫ್ರಿಕನ್ ಅಮೆರಿಕನ್ ಕ್ರೋನ್ಸ್ ರೋಗಿಗಳಲ್ಲಿ ನಾಡ್2ರ ಈ ರೂಪಾಂತರಗಳು ಕಾಣಿಸುತ್ತವೆ, ಆದರೆ ಯುರೋಪಿಯನ್ ಮೂಲದವರಿಗಿಂತ ಬಹಳ ಕಡಿಮೆ ಪ್ರಮಾಣದಲ್ಲಿ. ಆಫ್ರಿಕನ್ ಅಮೆರಿಕನ್ನರ ಜೀನೋಮಿನಲ್ಲಿ, ಅಂದರೆ ಇಡೀ ಡಿಎನ್‌ಎಯಲ್ಲಿ, ಸರಾಸರಿ ಐದನೇ ಒಂದು ಭಾಗ ಯುರೋಪಿಯನ್ ಮೂಲದ್ದು. ಗುಲಾಮಗಿರಿಯ ಶತಮಾನಗಳು ಬಿಟ್ಟುಹೋದ ಗುರುತು ಅದು. ಜೀನೋಮನ್ನು ತುಂಡು ತುಂಡಾಗಿ ನೋಡಿ ಯಾವ ತುಂಡು ಯಾವ ಖಂಡದಿಂದ ಬಂದದ್ದು ಎಂದು ಈಗ ಹೇಳಬಹುದು. 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಹಾಗೆ ನೋಡಿದಾಗ, ಈ ರೋಗಿಗಳಲ್ಲಿದ್ದ ನಾಡ್2 ರೂಪಾಂತರಗಳು ಇತ್ತೀಚಿನ ಯುರೋಪಿಯನ್ ಬೆರಕೆಯಿಂದಲೇ ಬಂದವು ಎಂಬುದು ಗೊತ್ತಾಯಿತು. ಅಂದರೆ ಆಸ್ಪತ್ರೆಯ ಅರ್ಜಿಯಲ್ಲಿ ‘ಕಪ್ಪು ಜನಾಂಗ’ ಎಂದು ಬರೆಸಿದ ವ್ಯಕ್ತಿಯ 16ನೇ ವರ್ಣತಂತುವಿನ ಆ ಒಂದು ತುಂಡಿಗೆ ಅರ್ಜಿಯ ಪದ ಅನ್ವಯಿಸುವುದೇ ಇಲ್ಲ. ಜನಾಂಗ ಎಂಬುದು ಸಮಾಜ ಕೊಡುವ ಗುರುತು. ವಂಶಮೂಲ ಎಂಬುದು ಜೀನೋಮಿನ ಪ್ರತಿ ತುಂಡಿಗೂ ಬೇರೆಯಾಗಬಹುದಾದ ಸಂಗತಿ. ಈ ಎರಡನ್ನು ಒಂದೇ ಎಂದು ಭಾವಿಸುವುದು ಈ ಕ್ಷೇತ್ರದ ಬರಹಗಳಲ್ಲಿ ಇಂದಿಗೂ ತಪ್ಪದ ಸಡಿಲತೆ ಎಂದು ನನಗನ್ನಿಸುತ್ತದೆ.

ಕನ್ನಡಿಯ ಇನ್ನೊಂದು ಬದಿ

ನಾಡ್2 ರೂಪಾಂತರಗಳು ಸಿಗದ ಜಪಾನಿನಲ್ಲಿ ಸಂಶೋಧಕರು ಸುಮ್ಮನೆ ಕೂರಲಿಲ್ಲ. 2005ರಲ್ಲಿ ಅವರು ಇಡೀ ಜೀನೋಮನ್ನು ಜಾಲಾಡಿ ಟಿಎನ್‌ಎಫ್‌ಎಸ್‌ಎಫ್15 ಎಂಬ ಜೀನು ಕ್ರೋನ್ಸ್ ಕಾಯಿಲೆಯೊಡನೆ ಬಲವಾಗಿ ತಳುಕುಹಾಕಿಕೊಂಡಿರುವುದನ್ನು ಕಂಡುಹಿಡಿದರು. ಅನಂತರ ಇದೇ ಜೀನು ಯುರೋಪಿಯನ್ನರಲ್ಲಿಯೂ ರೋಗದೊಡನೆ ಸಂಬಂಧ ಹೊಂದಿರುವುದು ಖಚಿತವಾಯಿತು, ಆದರೆ ಅಲ್ಲಿ ಅದರ ಪರಿಣಾಮ ಬಹಳ ದುರ್ಬಲ. ಪಶ್ಚಿಮದ ತಂಡಗಳಷ್ಟೇ ಹುಡುಕುತ್ತಿದ್ದರೆ ಇದು ನೂರಾರು ಸಣ್ಣ ಸಂಕೇತಗಳ ನಡುವೆ ಒಂದಾಗಿ ಉಳಿದಿರುತ್ತಿತ್ತು. ಜಪಾನಿನಲ್ಲಿ ಹುಡುಕಿದ್ದರಿಂದ ಅದು ಮೊದಲ ಸಾಲಿಗೆ ಬಂತು. ಈ ಜೀನಿನಿಂದ ತಯಾರಾಗುವ ಟಿಎಲ್1ಎ ಎಂಬ ಅಣುವನ್ನು ತಡೆಯುವ ಪ್ರತಿಕಾಯ ಔಷಧಿ ಟುಲಿಸೋಕಿಬಾರ್ಟ್‌ನ ಎರಡನೇ ಹಂತದ ಪ್ರಯೋಗದ ಉತ್ತೇಜಕ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಆ ಪ್ರಯೋಗ ನಡೆದದ್ದು ಅಲ್ಸರೇಟಿವ್ ಕೊಲೈಟಿಸ್ ರೋಗಿಗಳಲ್ಲಿ. ಆನುವಂಶಿಕ ಪರಿಣಾಮ ಒಂದು ಜನರಲ್ಲಿ ಚಿಕ್ಕದಾಗಿದ್ದರೂ ಆ ದಾರಿಯಲ್ಲಿ ಕೆಲಸ ಮಾಡುವ ಔಷಧಿಯ ಪರಿಣಾಮ ಚಿಕ್ಕದಾಗಿರಬೇಕೆಂದಿಲ್ಲ.

ಇನ್ನೊಂದು ತಿರುವು 2009ರದು. ಚೀನಾದಲ್ಲಿ ಕುಷ್ಠರೋಗದ ಕುರಿತು ನಡೆದ ಜೀನೋಮ್‌ವ್ಯಾಪಿ ಅಧ್ಯಯನದಲ್ಲಿ ಆ ರೋಗಕ್ಕೆ ಗುರಿಯಾಗುವಿಕೆಯೊಡನೆ ಬೆಸೆದುಕೊಂಡ ಜೀನುಗಳ ನಡುವೆ ನಾಡ್2 ಮತ್ತು ಟಿಎನ್‌ಎಫ್‌ಎಸ್‌ಎಫ್15 ಎರಡೂ ಇದ್ದವು. ಯುರೋಪಿನ ಮೂರು ರೂಪಾಂತರಗಳಿಲ್ಲದ ಜನರಲ್ಲಿಯೂ ನಾಡ್2 ಜೀನು ಸುಮ್ಮನಿಲ್ಲ, ಬೇರೆ ರೂಪಾಂತರಗಳ ಮೂಲಕ ಬೇರೊಂದು ರೋಗದಲ್ಲಿ ಅದರ ಕೈಯಿದೆ ಎಂಬುದು ಇದರಿಂದ ತಿಳಿಯಿತು. ಕುಷ್ಠ, ಕ್ಷಯ ಮುಂತಾದ ಮೈಕೋಬ್ಯಾಕ್ಟೀರಿಯಾ ಸೋಂಕುಗಳೊಡನೆ ಸಾವಿರಾರು ವರ್ಷ ನಡೆದ ಹೋರಾಟದಲ್ಲಿ ಪಳಗಿದ ರೋಗನಿರೋಧಕ ದಾರಿಗಳೇ ಕರುಳಿನ ಉರಿಯೂತದಲ್ಲಿಯೂ ತೊಡಗಿಕೊಂಡಿವೆ ಎಂಬ ಊಹೆಗೆ ಇದು ಬಲ ಕೊಟ್ಟಿತು.

ಏಷ್ಯಾದ ಕ್ರೋನ್ಸ್ ಬೇರೆಯದೇ ರೋಗ ಎಂಬ ಎರಡನೆಯ ತೀರ್ಮಾನಕ್ಕೆ ಉತ್ತರ ಬಂದದ್ದು 2015ರಲ್ಲಿ. ಯುರೋಪಿಯನ್ ಮೂಲದ 86,640 ಮಂದಿಯನ್ನೂ, ಪೂರ್ವ ಏಷ್ಯಾ, ಭಾರತ ಮತ್ತು ಇರಾನ್ ಮೂಲದ 9,846 ಮಂದಿಯನ್ನೂ ಒಟ್ಟಿಗೆ ಪರೀಕ್ಷಿಸಿದ ಅಂತರರಾಷ್ಟ್ರೀಯ ಅಧ್ಯಯನ ಕರುಳಿನ ಉರಿಯೂತದ ಅಪಾಯಕ್ಕೆ ಸಂಬಂಧಿಸಿದ 38 ಹೊಸ ಸ್ಥಾನಗಳನ್ನು ಜೀನೋಮಿನಲ್ಲಿ ಗುರುತಿಸಿತು. ಅಪಾಯಕ್ಕೆ ಸಂಬಂಧಿಸಿದ ಬಹುತೇಕ ಸ್ಥಾನಗಳಲ್ಲಿ ಪರಿಣಾಮದ ದಿಕ್ಕು ಮತ್ತು ಬಲ ಎಲ್ಲ ಜನಸಮುದಾಯಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ಎಂಬುದೇ ಅದರ ಮುಖ್ಯ ಮಾತು. ಅಂದಮೇಲೆ ರೋಗ ಎರಡಲ್ಲ, ಒಂದೇ. ವ್ಯತ್ಯಾಸಗಳು ಕೆಲವೇ ಸ್ಥಾನಗಳಲ್ಲಿವೆ, ಅವುಗಳ ಸ್ವರೂಪವೂ ಒಂದೇ ತೆರನಾಗಿಲ್ಲ. ನಾಡ್2ರಲ್ಲಿ ವ್ಯತ್ಯಾಸ ಬರುವುದು ರೂಪಾಂತರ ಜನರಲ್ಲಿ ಎಷ್ಟು ವ್ಯಾಪಕವಾಗಿದೆ ಎಂಬುದರಿಂದ. ಟಿಎನ್‌ಎಫ್‌ಎಸ್‌ಎಫ್15 ಮತ್ತು ಎಟಿಜಿ16ಎಲ್1 ಜೀನುಗಳಲ್ಲಿ ರೂಪಾಂತರ ಎರಡೂ ಕಡೆ ಇದ್ದರೂ ಅದರ ಪರಿಣಾಮದ ಬಲವೇ ಬೇರೆ. ಐಎಲ್23ಆರ್ ಮತ್ತು ಐಆರ್‌ಜಿಎಂ ಜೀನುಗಳಲ್ಲಿ ಎರಡೂ ಕಾರಣಗಳು ಕೂಡಿಕೊಂಡಿವೆ. ನಾಡ್2ರ ಬಗೆಯ ವ್ಯತ್ಯಾಸ ವಲಸೆ ಮತ್ತು ಆಕಸ್ಮಿಕದ ಇತಿಹಾಸದಿಂದ ಅರ್ಥವಾಗುತ್ತದೆ. ಇರುವ ರೂಪಾಂತರವೇ ಒಂದು ಕಡೆ ಬಲವಾಗಿಯೂ ಇನ್ನೊಂದು ಕಡೆ ದುರ್ಬಲವಾಗಿಯೂ ವರ್ತಿಸಿದಾಗ ಸುತ್ತಲಿನ ಜೀನುಗಳು, ಆಹಾರ, ಸೋಂಕು, ಕರುಳಿನ ಸೂಕ್ಷ್ಮಜೀವಿಗಳು ಇವುಗಳತ್ತ ನೋಡಬೇಕಾಗುತ್ತದೆ.

2023ರಲ್ಲಿ ಪೂರ್ವ ಏಷ್ಯಾದ 14,393 ರೋಗಿಗಳನ್ನು ಒಳಗೊಂಡು, ಯುರೋಪಿಯನ್ ದತ್ತಾಂಶವನ್ನೂ ಸೇರಿಸಿಕೊಂಡು ನಡೆದ ಅಧ್ಯಯನದ ನಂತರ ಇಂಥ ಸ್ಥಾನಗಳ ಸಂಖ್ಯೆ 320 ಮುಟ್ಟಿದೆ.

ಭಾರತದ ಸ್ಥಾನ

ಜನಸಂಖ್ಯೆಗೆ ಹೋಲಿಸಿದರೆ ಭಾರತದಿಂದ ಬಂದ ದತ್ತಾಂಶ ಈ ರಾಶಿಯಲ್ಲಿ ತೀರಾ ಕಡಿಮೆ. ಇರುವುದರಲ್ಲಿ ಗಟ್ಟಿಯಾದ ಕೆಲಸ ದೆಹಲಿ ವಿಶ್ವವಿದ್ಯಾಲಯದ ಬಿ.ಕೆ. ಥೆಲ್ಮಾ ಮತ್ತು ಲೂಧಿಯಾನದ ದಯಾನಂದ ವೈದ್ಯಕೀಯ ಕಾಲೇಜಿನ ಅಜಿತ್ ಸೂದ್, ವಂದನಾ ಮಿಢಾ ಅವರ ಬಳಗದ್ದು. ಸೂದ್ ಮತ್ತು ಸಂಗಡಿಗರು 2003ರಲ್ಲಿ ಪಂಜಾಬಿನ ಮನೆಮನೆ ಸಮೀಕ್ಷೆಯ ಆಧಾರದ ಮೇಲೆ ಒಂದು ಲಕ್ಷ ಜನರಲ್ಲಿ 44.3 ಮಂದಿಗೆ ಅಲ್ಸರೇಟಿವ್ ಕೊಲೈಟಿಸ್ ಇದೆಯೆಂದು ವರದಿ ಮಾಡಿದಾಗ, ಇದು ಪಶ್ಚಿಮದ ರೋಗ ಎಂಬ ನಂಬಿಕೆಯೇ ಅಲುಗಿತು. 2007ರಲ್ಲಿ ಈ ಬಳಗ ಉತ್ತರ ಭಾರತೀಯರಲ್ಲಿ ನಾಡ್2ರ ಕೆಲವು ವ್ಯತ್ಯಯಗಳು ಅಲ್ಸರೇಟಿವ್ ಕೊಲೈಟಿಸ್‌ನೊಡನೆ ಸಂಬಂಧ ಹೊಂದಿವೆ ಎಂದು ಬರೆಯಿತು. ಯುರೋಪಿನಲ್ಲಿ ನಾಡ್2 ಮುಖ್ಯವಾಗಿ ಕ್ರೋನ್ಸ್‌ನ ಜೀನು ಎಂಬುದನ್ನು ನೆನೆದರೆ ಇದು ಕುತೂಹಲಕರ, ಆದರೆ ಒಂದು ಅಧ್ಯಯನದ ಮೇಲೆ ಹೆಚ್ಚು ಭಾರ ಹೇರಬಾರದು. 2015ರಲ್ಲಿ ಅವರು ಉತ್ತರ ಭಾರತೀಯರಲ್ಲಿ ಅಲ್ಸರೇಟಿವ್ ಕೊಲೈಟಿಸ್‌ನ ಜೀನೋಮ್‌ವ್ಯಾಪಿ ಅಧ್ಯಯನವನ್ನೂ ಪ್ರಕಟಿಸಿದರು.

ಭಾರತದಲ್ಲಿ ಕ್ರೋನ್ಸ್ ಕಾಯಿಲೆಯ ಆನುವಂಶಿಕ ಅಧ್ಯಯನಕ್ಕೆ ಮತ್ತೊಂದು ತೊಡಕಿದೆ. ಸಣ್ಣ ಕರುಳಿನ ಕೊನೆ ಮತ್ತು ದೊಡ್ಡ ಕರುಳಿನ ಆರಂಭದಲ್ಲಿ ಕರುಳಿನ ಕ್ಷಯವೂ ಕ್ರೋನ್ಸ್ ಕಾಯಿಲೆಯೂ ಎಂಡೋಸ್ಕೋಪಿಯಲ್ಲಿ, ಕೆಲವೊಮ್ಮೆ ಬಯಾಪ್ಸಿಯಲ್ಲಿಯೂ ಒಂದರಂತೆ ಇನ್ನೊಂದು ಕಾಣುತ್ತದೆ. ಅನೇಕ ರೋಗಿಗಳು ಮೊದಲು ಕ್ಷಯದ ಔಷಧಿಗಳನ್ನು ತಿಂಗಳುಗಟ್ಟಲೆ ನುಂಗಿ, ಗುಣವಾಗದಿದ್ದಾಗ ಕ್ರೋನ್ಸ್ ಎಂಬ ಹೆಸರನ್ನು ಪಡೆಯುತ್ತಾರೆ. ರೋಗಿಗಳ ಗುಂಪಿನಲ್ಲಿ ಕ್ಷಯದವರು ಬೆರೆತುಹೋದರೆ ಇರುವ ಆನುವಂಶಿಕ ಸಂಕೇತವೂ ಮಸುಕಾಗುತ್ತದೆ. ದಕ್ಷಿಣ ಭಾರತಕ್ಕೆ, ಕರ್ನಾಟಕಕ್ಕೂ ಸೇರಿ, ಇನ್ನೊಂದು ಪ್ರಶ್ನೆ ಉಳಿದಿದೆ: ಸೋದರಮಾವ ಮತ್ತು ಸೋದರಿಕೆಯ ಮದುವೆಗಳು ನಡೆದುಬಂದಿರುವ ಸಮುದಾಯಗಳಲ್ಲಿ ಎರಡೂ ಪ್ರತಿಗಳು ಕೆಟ್ಟಾಗ ಮಾತ್ರ ಬರುವ, ಎಳೆಗೂಸುಗಳನ್ನೇ ಕಾಡುವ ಐಎಲ್10 ಗ್ರಾಹಕದ (ಉರಿಯೂತ ತಣಿಸುವ ಐಎಲ್10 ಎಂಬ ಅಣುವಿನ ಸಂದೇಶ ಪಡೆಯುವ ಪ್ರೋಟೀನಿನ) ದೋಷದಂಥ ವಿರಳ ರೂಪಗಳನ್ನು ಪ್ರತ್ಯೇಕವಾಗಿಯೇ ಹುಡುಕಬೇಕು. ನೂರಾರು ಸಣ್ಣ ಅಪಾಯಗಳ ಮೊತ್ತದಿಂದ ವಯಸ್ಕರಿಗೆ ಬರುವ ರೋಗದ ಲೆಕ್ಕಾಚಾರ ಅಲ್ಲಿ ನಡೆಯುವುದಿಲ್ಲ.

ಜೀನುಗಳ ಮಿತಿಯನ್ನು ತೋರಿಸಲು ಇಂಗ್ಲೆಂಡಿನ ಲೆಸ್ಟರ್ ನಗರದ ಉದಾಹರಣೆ ಸಾಕು. ಉಗಾಂಡಾದಿಂದ 1972ರಲ್ಲಿ ಹೊರಹಾಕಲ್ಪಟ್ಟ ಗುಜರಾತಿಗಳೂ ಸೇರಿದಂತೆ ಭಾರತೀಯ ಮೂಲದವರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿದ ಲೆಸ್ಟರ್‌ಷೈರಿನಲ್ಲಿ 1980ರ ದಶಕದ ಲೆಕ್ಕದಂತೆ ಅಲ್ಸರೇಟಿವ್ ಕೊಲೈಟಿಸ್ ದಕ್ಷಿಣ ಏಷ್ಯಾದವರಲ್ಲಿ ವರ್ಷಕ್ಕೆ ಲಕ್ಷಕ್ಕೆ 10.8, ಸ್ಥಳೀಯ ಯುರೋಪಿಯನ್ನರಲ್ಲಿ 5.3. ಒಂದೇ ತಲೆಮಾರಿನಲ್ಲಿ ಜೀನುಗಳು ಬದಲಾಗುವುದಿಲ್ಲ, ಊರು ಬದಲಾಗುತ್ತದೆ. ಆದರೆ ಹೊಸ ಊರಿನ ಗಾಳಿ ಎಲ್ಲರಿಗೂ ಒಂದೇ ಆಗಿದ್ದೂ ವಲಸೆ ಬಂದವರಲ್ಲಿ ಪ್ರಮಾಣ ದುಪ್ಪಟ್ಟಾಗಬೇಕಾದರೆ, ಆ ಗಾಳಿಗೆ ಹೆಚ್ಚು ಬೇಗ ಬಾಗುವ ಒಂದು ಒಳಗುಣ ಅವರಲ್ಲಿ ಇದ್ದಿರಲೂಬಹುದು. ಈ ಸಂಖ್ಯೆಯನ್ನು ಪರಿಸರವೇ ಮುಖ್ಯ ಎನ್ನುವವರೂ ಜೀನೇ ಮುಖ್ಯ ಎನ್ನುವವರೂ ತಮ್ಮ ವಾದಕ್ಕೆ ಉದಾಹರಿಸುವುದು ಅದಕ್ಕಾಗಿಯೇ.

ಚಿಕಿತ್ಸೆಯ ಕೋಣೆಯಲ್ಲಿ

ಇಷ್ಟು ಹೊತ್ತು ಹೇಳಿದ್ದು ಯಾರಿಗೆ ರೋಗ ಬರುತ್ತದೆ ಎಂಬುದನ್ನು. ರೋಗಿಗೆ ಹೆಚ್ಚು ನೇರವಾಗಿ ತಾಗುವುದು, ಬಂದ ರೋಗಕ್ಕೆ ಕೊಟ್ಟ ಔಷಧಿಯನ್ನು ಯಾರ ದೇಹ ತಾಳುತ್ತದೆ ಎಂಬ ಪ್ರಶ್ನೆ. ಅಲ್ಲಿಯೂ ನಾಡ್2ರ ಕಥೆಯೇ ಮರುಕಳಿಸಿತು.

ಕರುಳಿನ ಉರಿಯೂತಕ್ಕೆ ದಶಕಗಳಿಂದ ಬಳಸುತ್ತಿರುವ ಅಜಥಯೋಪ್ರಿನ್ ಅಗ್ಗದ ಮಾತ್ರೆ. ಭಾರತದಲ್ಲಿ ದುಬಾರಿ ಪ್ರತಿಕಾಯ ಚುಚ್ಚುಮದ್ದು ಕೈಗೆಟುಕದವರಿಗೆ ಹಲವೊಮ್ಮೆ ಅದೇ ಆಧಾರ. ಕೆಲವರಲ್ಲಿ ಇದು ಮೂಳೆಮಜ್ಜೆಯನ್ನು ಕುಗ್ಗಿಸಿ ಬಿಳಿ ರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತದೆ. ಇದಕ್ಕೆ ಟಿಪಿಎಂಟಿ ಎಂಬ ಕಿಣ್ವದ ಕೊರತೆ ಕಾರಣವಾಗಬಲ್ಲದು. ಆ ಕೊರತೆ ಎಷ್ಟು ಜನರಲ್ಲಿದೆ ಎಂಬುದು 1980ರಲ್ಲಿ ಅಮೆರಿಕದಲ್ಲಿ ನಡೆದ ಕೆಲಸದಿಂದ ತಿಳಿಯಿತು: ಯುರೋಪಿಯನ್ ಮೂಲದ ಸುಮಾರು 300 ಜನರಲ್ಲಿ ಒಬ್ಬರಿಗೆ ಈ ಕಿಣ್ವ ಇಲ್ಲವೆನ್ನುವಷ್ಟು ಕಡಿಮೆ, ಸುಮಾರು ಹತ್ತರಲ್ಲಿ ಒಬ್ಬರಿಗೆ ಅರ್ಧದಷ್ಟು. ಹಾಗಾಗಿ ಮಾತ್ರೆ ಬರೆಯುವ ಮುನ್ನ ಟಿಪಿಎಂಟಿ ಪರೀಕ್ಷೆ ಮಾಡಿಸುವುದು ಪಶ್ಚಿಮದಲ್ಲಿ ರೂಢಿಯಾಯಿತು. ಪೂರ್ವ ಏಷ್ಯಾದ ವೈದ್ಯರಿಗೆ ಇದು ಒಗಟಾಗಿತ್ತು. ಅವರ ರೋಗಿಗಳಲ್ಲಿ ಟಿಪಿಎಂಟಿ ದೋಷ ಕಡಿಮೆ, ರಕ್ತಕಣ ಕುಸಿತವೋ ಹೆಚ್ಚು.

2014ರಲ್ಲಿ ಕೊರಿಯಾದ ತಂಡ ಈ ಔಷಧಿಯನ್ನು ಪಡೆಯುತ್ತಿದ್ದ 978 ಕ್ರೋನ್ಸ್ ರೋಗಿಗಳನ್ನು ಪರೀಕ್ಷಿಸಿ ಒಗಟು ಬಿಡಿಸಿತು. ನುಡ್‌ಟಿ15 ಎಂಬ ಮತ್ತೊಂದು ಜೀನಿನ 139ನೇ ಸ್ಥಾನದಲ್ಲಿ ಆರ್ಜಿನಿನ್ ಬದಲು ಸಿಸ್ಟೀನ್ ಬಂದವರಲ್ಲಿ ಬಿಳಿ ರಕ್ತಕಣಗಳು ಬೇಗ ಕುಸಿಯುವ ಸಾಧ್ಯತೆ 35 ಪಟ್ಟಿನಷ್ಟಿತ್ತು. ಔಷಧಿಯ ಸಕ್ರಿಯ ರೂಪ ಡಿಎನ್‌ಎಯೊಳಗೆ ಸೇರುವ ಮುನ್ನ ಅದನ್ನು ನಿಷ್ಕ್ರಿಯಗೊಳಿಸುವುದು ಈ ಜೀನಿನ ಕಿಣ್ವದ ಕೆಲಸ. ಅದು ಕೆಟ್ಟರೆ ವಿಷ ಒಳಗೇ ಶೇಖರವಾಗುತ್ತದೆ. ಈ ರೂಪಾಂತರ ಪೂರ್ವ ಏಷ್ಯಾದಲ್ಲಿ ಆ ಜೀನಿನ ನೂರು ಪ್ರತಿಗಳಲ್ಲಿ ಸುಮಾರು ಹತ್ತು, ದಕ್ಷಿಣ ಏಷ್ಯಾದಲ್ಲಿ ಸುಮಾರು ಏಳು, ಯುರೋಪಿನಲ್ಲಿ ಒಂದಕ್ಕಿಂತ ಕಡಿಮೆ. ಯುರೋಪಿನ ರೋಗಿಗಳಲ್ಲಿಯೇ ಹುಡುಕುತ್ತಿದ್ದರೆ ಇದು ಕಣ್ಣಿಗೆ ಬೀಳುವ ಸಂಭವ ಬಹಳ ಕಡಿಮೆಯಿತ್ತು. ಔಷಧ-ಜೀನು ಸಂಬಂಧದ ಅಂತರರಾಷ್ಟ್ರೀಯ ಮಾರ್ಗಸೂಚಿಗೆ ನುಡ್‌ಟಿ15 ಸೇರಿದ್ದು 2018ರಲ್ಲಿ.

ನಾಡ್2 ರೂಪಾಂತರವಿಲ್ಲ ಎಂಬ ವರದಿಯಿಂದ ಮೈಸೂರಿನ ಅಥವಾ ಕಲಬುರಗಿಯ ರೋಗಿಗೆ ತನ್ನ ಕ್ರೋನ್ಸ್ ಕಾಯಿಲೆಯ ಬಗ್ಗೆ ಏನೂ ತಿಳಿಯುವುದಿಲ್ಲ. ಟಿಪಿಎಂಟಿ ಸರಿಯಿದೆ ಎಂಬ ವರದಿಯಿಂದ ಔಷಧಿಯ ಬಗ್ಗೆ ಅರ್ಧ ಮಾತ್ರ ತಿಳಿಯುತ್ತದೆ. ಉಳಿದರ್ಧಕ್ಕೆ ನುಡ್‌ಟಿ15 ಪರೀಕ್ಷೆ ಬೇಕು. ಅದು ಸಿಗದ ಕಡೆ, ಅಥವಾ ಸಿಕ್ಕು ವರದಿ ಸರಿಯಿದ್ದಾಗಲೂ, ಕಡಿಮೆ ಪ್ರಮಾಣದಿಂದ ಮಾತ್ರೆ ಆರಂಭಿಸಿ ಮೊದಲ ವಾರಗಳಲ್ಲಿ ಪದೇ ಪದೇ ರಕ್ತಕಣಗಳ ಎಣಿಕೆ ಮಾಡಿಸುವ ಹಳೆಯ ಪದ್ಧತಿಯನ್ನು ವೈದ್ಯರು ಬಿಟ್ಟಿಲ್ಲ. ಎರಡೂ ಪ್ರತಿಗಳಲ್ಲಿ ಸಿಸ್ಟೀನ್ ರೂಪವಿರುವವರಲ್ಲಿ ಕುಸಿತ ಆ ಮೊದಲ ವಾರಗಳಲ್ಲಿಯೇ ಕಾಣಿಸಿಕೊಳ್ಳುತ್ತದೆ, ಹಲವೊಮ್ಮೆ ತಲೆಗೂದಲು ಗುಂಪುಗುಂಪಾಗಿ ಉದುರುವುದರೊಂದಿಗೆ.